ಹನ್ನೆರಡರ ಕೂಗು

ಹೋದ ತಿಂಗಳು ಚನ್ನರಾಯಪಟ್ಟಣದ ನಮ್ಮ ಮನೆಯಲ್ಲಿ ಮಿಕ್ಸಿ ಸುಟ್ಟುಹೋಯಿತು. ಹುಚ್ಚೆಳ್ಳು ಪುಡಿ ಮಾಡಲು ಹಾಕಿ ತಿರುಗಿಸಿದ್ದೆ. ಒಮ್ಮೆ ಗೊರ್ ಎಂದು ಗೊಣಗಿ, ಅಡಿಯಿಂದ ಸಣ್ಣಗೆ ಹೊಗೆ ಬಿಟ್ಟು ಸುಮ್ಮನಾಯಿತು. ತಾಮ್ರದ ಸುರುಳಿಯ ಮೇಲಿನ ವಾರ್ನಿಶ್ ಸುಟ್ಟ ವಾಸನೆ ಅಡುಗೆಮನೆ ತುಂಬಿಕೊಂಡಿತು. ಸ್ವಲ್ಪ ಬೆಲ್ಲ ಸೀದಂತೆ, ಸ್ವಲ್ಪ ಕೂದಲು ಸುಟ್ಟಂತೆ, ಗಂಟಲ ಹಿಂಬದಿಗೆ ಹೋಗಿ ಕೂರುವ ವಾಸನೆ. ಮಗಳು "ಥೂ, ಏನಮ್ಮಾ ಇದು, ಕಿಟಕಿ ತೆಗಿ" ಎಂದು ಮೂಗು ಮುಚ್ಚಿಕೊಂಡು ಹಜಾರಕ್ಕೆ ಓಡಿದಳು. ನಾನು ತೆಗೆಯಲಿಲ್ಲ. ಮಿಕ್ಸಿಯ ಮೇಲೆ ಬಗ್ಗಿ ನಿಂತು ಎದೆ ತುಂಬ ಉಸಿರೆಳೆದುಕೊಂಡೆ. ಅಮ್ಮನಿಗೆ ಬುದ್ಧಿ ಕೆಟ್ಟಿತು ಎಂದುಕೊಂಡಳೇನೋ. ಅವಳಿಗೇನು ಗೊತ್ತು, ಆ ವಾಸನೆಯೊಳಗೆ ನನ್ನ ದೊಡ್ಡಪ್ಪ ಇದ್ದ, ದೊಡ್ಡಮ್ಮ ಇದ್ದಳು, ಊರಿಗೆ ಊರೇ ಕಿವಿ ಮುಚ್ಚಿಕೊಂಡು ನಿಂತಿತ್ತು. ನಿಮಗೂ ಇಂಥದೊಂದು ವಾಸನೆ ಎಲ್ಲೋ ಇದ್ದೇ ಇರುತ್ತದೆ. ಅದು ಬಂದಾಗ ಕಿಟಕಿ ತೆಗೆಯಲು ಅವಸರ ಮಾಡಬೇಡಿ ಎಂದಷ್ಟೇ ಹೇಳಬಲ್ಲೆ.

ಹೊಳೆನರಸೀಪುರ ದಾಟಿ, ಹೇಮಾವತಿಯ ದಡ ಹಿಡಿದು ಕೆಳಕ್ಕೆ ಬಂದರೆ ಸಿಗುವ ಊರು ನಮ್ಮದು. ಆಗ ಅಲ್ಲೊಂದು ಅಕ್ಕಿ ಗಿರಣಿ ಇತ್ತು. ಗಿರಣಿಯ ಮೋಟಾರು, ಬೆಲ್ಟು, ಸೈರನ್ನು ಎಲ್ಲಕ್ಕೂ ನಮ್ಮ ದೊಡ್ಡಪ್ಪ ಸಣ್ಣೇಗೌಡನೇ ಯಜಮಾನ. ನಮ್ಮಪ್ಪ ಅರಕಲಗೂಡಿನ ಕಡೆ ಹೊಗೆಸೊಪ್ಪು ಬೇಯಿಸುವ ಕೆಲಸಕ್ಕೆ ಹೋದವನು ಅಲ್ಲೇ ನೆಲೆ ನಿಂತ. ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ. "ಸುಶೀಲಾನ ನಮ್ಮತ್ರ ಬುಡು, ಓದುಸ್ತೀನಿ" ಎಂದು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಸ್ಸು ಹತ್ತಿಸಿ ಕರೆತಂದಿದ್ದ. ಮನೆ ಗಿರಣಿಯ ಗೋಡೆಗೇ ಅಂಟಿಕೊಂಡಿತ್ತು. ಎರಡು ಅಂಕಣದ ಹೆಂಚಿನ ಮನೆ, ಒಳಗೆಲ್ಲ ತೌಡಿನ ದೂಳು, ಬೆಂದ ಭತ್ತದ ಹುಳಿ ಘಮ, ದೊಡ್ಡಪ್ಪನ ಅಂಗಿಯ ಗ್ರೀಸು. ಇವತ್ತಿಗೂ ನಾನು ಹೊಸ ಅಕ್ಕಿಯ ಚೀಲಕ್ಕೆ ಕೈ ಹಾಕಿದರೆ ಮೊದಲು ಮೂಗು ಹತ್ತಿರ ಹೋಗುತ್ತದೆ. ಆ ಮನೆಯ ನೆತ್ತಿಯ ಮೇಲೆ, ಗಿರಣಿಯ ಗೋಡೆಯಿಂದ ಚಾಚಿದ ಕಬ್ಬಿಣದ ಚೌಕಟ್ಟಿನಲ್ಲಿ, ಸೈರನ್ ಕೂತಿತ್ತು. ನಾವು ಉಣ್ಣುತ್ತಿದ್ದದ್ದು, ಮಲಗುತ್ತಿದ್ದದ್ದು, ಜಗಳವಾಡುತ್ತಿದ್ದದ್ದು ಎಲ್ಲ ಅದರ ಕೆಳಗೇ.

ದಿನಕ್ಕೆ ಮೂರು ಸಲ ಅದು ಕೂಗುತ್ತಿತ್ತು. ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು, ಒಂದೊಂದು ನಿಮಿಷ. ಗಿರಣಿಯ ಆಳುಗಳಿಗೆಂದು ಇಟ್ಟಿದ್ದು, ಊರೇ ಅದನ್ನು ತನ್ನದು ಮಾಡಿಕೊಂಡಿತ್ತು. ಅದರಲ್ಲೂ ಹನ್ನೆರಡರ ಕೂಗು ಎಂದರೆ ಸಾಕ್ಷಾತ್ ದೇವರ ಅಪ್ಪಣೆ. ಕೂಗು ಬಿದ್ದ ಮೇಲೇ ಮುದ್ದೆ ಕಟ್ಟಬೇಕು, ಮುಂಚೆ ಕಟ್ಟಿದರೆ ಗಂಡಸರು ಬರುವ ಹೊತ್ತಿಗೆ ಆರಿ ಕಲ್ಲಾಗುತ್ತದೆ. ಕೂಗು ಬಿದ್ದ ಮೇಲೇ ಹೊಲ ಉಳುತ್ತಿದ್ದವರು ನೊಗ ಇಳಿಸಿ ದನಗಳನ್ನು ಹೊಳೆಗೆ ಹೊಡೆಯಬೇಕು. ಬಟ್ಟೆ ಒಗೆಯಲು ಹೋದ ಹೆಂಗಸರು ಹೊಳೆಯ ನಡುವಿನ ಬಂಡೆಗಳ ಮೇಲೆ ಒಣಹಾಕಿದ್ದನ್ನು ಕೂಗು ಬಿದ್ದ ಮೇಲೇ ನೀರು ಹಾಯ್ದು ಹೋಗಿ ಮಡಿಸಿ ತರಬೇಕು. ಅಂದರೆ ಹನ್ನೆರಡರ ಕೂಗು ಬಿತ್ತೆಂದರೆ ನಮ್ಮೂರಿನ ಅರ್ಧ ಜನ, ಮುಕ್ಕಾಲು ದನ ಹೊಳೆಯೊಳಗೆ ಇಳಿಯುತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ.

ತಿಂಗಳ ಮೊದಲ ಸೋಮವಾರ ದೊಡ್ಡಪ್ಪ ಏಣಿ ಹಾಕಿ ಮೇಲೇರಿ ಸೈರನ್ನಿನ ಮುಚ್ಚಳ ಬಿಚ್ಚುತ್ತಿದ್ದ. ನಾನು ಕೆಳಗೆ ನಿಂತು "ನಾನೂ ಬತ್ತೀನಿ" ಎಂದು ರಚ್ಚೆ ಹಿಡಿಯುತ್ತಿದ್ದೆ. ಒಂದು ಸಲ ಕಂಕುಳಲ್ಲಿ ಅವುಚಿಕೊಂಡು ಹತ್ತಿಸಿಯೇಬಿಟ್ಟ. ಒಳಗೆ ನೋಡಿದರೆ ಅಂಥದ್ದೇನೂ ಇಲ್ಲ! ಇಷ್ಟು ದೊಡ್ಡ ಗಂಟಲಿನ ಒಳಗೆ ಒಂದು ಮೋಟಾರು, ಅದರ ಅಚ್ಚಿಗೆ ಸಿಕ್ಕಿಸಿದ ಒಂದು ಡಬ್ಬ, ಆ ಡಬ್ಬದ ಸುತ್ತ ಇನ್ನೊಂದು ಡಬ್ಬ, ಎರಡಕ್ಕೂ ಸುತ್ತಲೂ ಕಿಂಡಿ. "ಒಳಗಿನ್ ಡಬ್ಬ ತಿರುಗ್ತದೆ, ಒರಗಿಂದು ನಿಂತಿರ್ತದೆ. ಕಿಂಡಿಗ್ ಕಿಂಡಿ ಬಂದಾಗ ಗಾಳಿ ಈಚೆಗ್ ನುಗ್ತದೆ, ತಪ್ಪಿದಾಗ ಕಟ್ಟಾಯ್ತದೆ. ಸೊಪ್ಪು ಕೊಚ್ಚಿದಂಗೆ ಗಾಳೀನ ಕೊಚ್ಚಾಕ್ತದೆ ಕಣ್ ಮಗ, ಅಷ್ಟೇಯ. ಮೆಲ್ಲಗ್ ಕೊಚ್ಚುದ್ರೆ ಗುರ್ ಅಂತದೆ, ಬಿರ್ರನೆ ಕೊಚ್ಚುದ್ರೆ ಕಿರುಚ್ತದೆ" ಎಂದು ಬೆರಳಿನಿಂದ ಡಬ್ಬವನ್ನು ತಿರುಗಿಸಿ ತೋರಿಸಿದ. ಬೆರಳಿನ ವೇಗಕ್ಕೆ ಅದು ಉಸ್ ಎಂದು ನಿಟ್ಟುಸಿರು ಬಿಟ್ಟಿತು, ಅಷ್ಟೆ. ಕಿಂಡಿಯಲ್ಲಿ ಗೊರವಂಕ ತುರುಕಿದ್ದ ಹುಲ್ಲನ್ನು ಕಿತ್ತು, ಬೇರಿಂಗಿಗೆ ಗ್ರೀಸು ಬಳಿದು, ಮುಚ್ಚಳ ಮುಚ್ಚಿದ. ಆಮೇಲೆ ಎಷ್ಟೋ ವರ್ಷ ಹಾಸನದ ಕಾಲೇಜಿನಲ್ಲಿ ನಾನು ಮಕ್ಕಳಿಗೆ ಶಬ್ದದ ಪಾಠ ಮಾಡಿದೆ. ದೊಡ್ಡಪ್ಪನ ಸೊಪ್ಪು ಕೊಚ್ಚುವ ಮಾತಿಗಿಂತ ಚೆನ್ನಾಗಿ ಒಂದು ದಿನವೂ ಹೇಳಲಾಗಲಿಲ್ಲ.

ಆ ಸೈರನ್ನಿಗೆ ಇನ್ನೊಂದು ಕೆಲಸವೂ ಇತ್ತು. ಮೇಲುಸೀಮೆಯಲ್ಲಿ ಮಳೆ ಹಿಡಿದು ಅಣೆಕಟ್ಟೆಯಿಂದ ನೀರು ಬಿಟ್ಟರೆ ಗಿರಣಿಯ ಫೋನಿಗೆ ಸುದ್ದಿ ಬರುತ್ತಿತ್ತು, ದೊಡ್ಡಪ್ಪ ಊರಿಗೆ ಸಾರಬೇಕು. ಹೊತ್ತಿನ ಕೂಗು ಒಂದೇ ಸಮ. ಹೊಳೆಯ ಕೂಗು ಏರಿಳಿತ. ಸ್ವಿಚ್ಚು ಹಾಕಿ ಹತ್ತು ಎಣಿಸು, ಕೂಗು ಏರುತ್ತದೆ. ಆರಿಸಿ ಹತ್ತು ಎಣಿಸು, ಡಬ್ಬ ತನ್ನ ಓಟದಲ್ಲೇ ತಿರುಗುತ್ತ ಕೂಗು ಇಳಿಯುತ್ತದೆ. ಪೂರ್ತಿ ನಿಲ್ಲುವ ಮುಂಚೆ ಮತ್ತೆ ಹಾಕು. ತಿಂಗಳ ಮೊದಲ ಸೋಮವಾರ ಗ್ರೀಸು ಹಾಕಿದ ಮೇಲೆ ದೊಡ್ಡಪ್ಪ ಆ ಏರಿಳಿತದ ಕೂಗನ್ನೂ ಮೂರು ಸುತ್ತು ಕೂಗಿಸಿ ಪರೀಕ್ಷೆ ಮಾಡುತ್ತಿದ್ದನಂತೆ. ಅಂತೆ ಎಂದೆ, ಏಕೆಂದರೆ ನಾನು ಬರುವ ಹೊತ್ತಿಗೆ ಅದು ನಿಂತು ಎರಡು ವರ್ಷವಾಗಿತ್ತು. ನಿಲ್ಲಿಸಿದ್ದು ದೊಡ್ಡಮ್ಮನಿಗೋಸ್ಕರ. ಮದುವೆಯಾಗಿ ಬಂದ ಹೊಸತರಲ್ಲಿ ಅವಳು ಆ ಏರಿಳಿತ ಕೇಳಿದ ದಿನವೆಲ್ಲ ತಲೆಗೆ ಬಟ್ಟೆ ಬಿಗಿದುಕೊಂಡು ಗೋಡೆಗೊರಗಿ ಕೂರುತ್ತಿದ್ದಳಂತೆ. ಬರಬರುತ್ತ ಏನೂ ಹೇಳದಾದಳು. ಪಾಪ, ಸಹಿಸಿಕೊಂಡಿದ್ದಾಳೆ ಎಂದು ದೊಡ್ಡಪ್ಪನಿಗೆ ಅನ್ನಿಸಿ, ಪೂರ್ತಿ ಕೂಗಿಸುವುದನ್ನು ಬಿಟ್ಟು, ಎರಡೇ ಎರಡು ಸೆಕೆಂಡು ಸ್ವಿಚ್ಚು ಮುಟ್ಟಿಸಿ ತೆಗೆಯತೊಡಗಿದ. ಡಬ್ಬ ಗುರ್ ಎಂದು ಗುರುಗುಟ್ಟಿ ನಿಲ್ಲುತ್ತಿತ್ತು. ಯಂತ್ರ ಸರಿಯಿದೆ ಎಂದು ತಿಳಿಯಲು ಅಷ್ಟು ಸಾಕು. ಊರಿನವರೂ "ಆ ದರಿದ್ರದ ಕೂಗು ನಿಂತದ್ದೇ ಒಳ್ಳೇದಾಯ್ತು" ಎಂದು ಖುಷಿಯಾಗಿದ್ದರು.

ಆದರೆ ದೊಡ್ಡಮ್ಮ ಸಹಿಸಿಕೊಂಡಿರಲಿಲ್ಲ. ಅವಳಿಗೆ ಕೇಳಿಸುತ್ತಿರಲಿಲ್ಲ. ನಿಂಗಮ್ಮ ಅಂತ ಅವಳ ಹೆಸರು. ಗುಂಡು ಮುಖ, ಕೆಂಪು ಹರಳಿನ ಓಲೆ, ಯಾರು ಮಾತಾಡಿದರೂ ಮುಖವನ್ನೇ ನೋಡುತ್ತ ನಿಲ್ಲುವ ಹೆಂಗಸು. ಎಂಥ ಮರ್ಯಾದಸ್ಥೆ ಎಂದು ಊರು ಹೊಗಳುತ್ತಿತ್ತು. ಅವಳು ನೋಡುತ್ತಿದ್ದದ್ದು ತುಟಿಗಳನ್ನು. ಇದನ್ನು ನಾನು ಪತ್ತೆ ಹಚ್ಚಿದ್ದು ಬೇಸಿಗೆ ರಜೆಯ ಒಂದು ಮಧ್ಯಾಹ್ನ, ಎಂಟು ವರ್ಷದವಳಿದ್ದಾಗ. ಒಲೆಯ ಪಕ್ಕದ ಗೂಡಿನಲ್ಲಿ ಒಂದು ಹಿತ್ತಾಳೆ ಕೊಳಗ ಯಾವಾಗಲೂ ಬರಿದಾಗಿ ಇರುತ್ತಿತ್ತು. ಹನ್ನೆರಡು ಹತ್ತಿರವಾಗುತ್ತಲೇ ದೊಡ್ಡಮ್ಮ ಬಲಗೈಲಿ ಮುದ್ದೆ ಕೋಲು ಹಿಡಿದು, ಎಡಗೈಯ ಎರಡು ಬೆರಳನ್ನು ಕೊಳಗದ ಕಂಠದ ಮೇಲೆ ಇಟ್ಟುಕೊಂಡು ನಿಲ್ಲುತ್ತಿದ್ದಳು. ನೆತ್ತಿಯ ಮೇಲೆ ಕೂಗು ಏಳುತ್ತಿದ್ದಂತೆ ಹಿತ್ತಾಳೆ ಸಣ್ಣಗೆ ಅದುರುವುದು. ಆಗ ಅವಳು "ಹನ್ನೆರಡಾಯ್ತು" ಎಂದು ಕೋಲು ಆಡಿಸುವಳು. ನಾನು ಆಟಕ್ಕೆಂದು ಆ ದಿನ ಕೊಳಗವನ್ನು ಎತ್ತಿ ಬಚ್ಚಿಟ್ಟೆ. ಕೂಗು ಬಂತು, ಹೆಂಚುಗಳು ಗಡಗಡ ಎಂದವು, ಕೂಗು ಹೋಯಿತು. ದೊಡ್ಡಮ್ಮ ಬರಿ ಗೂಡಿನ ಮೇಲೆ ಕೈಯಿಟ್ಟುಕೊಂಡು ಹಾಗೇ ನಿಂತಿದ್ದಳು.

ನಾನು ಹೆದರಿ ಅತ್ತುಬಿಟ್ಟೆ. ಅವಳು ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹಿಟ್ಟಿನ ಕೈಯಲ್ಲೇ ಕೆನ್ನೆ ಹಿಡಿದು ಹೇಳಿದಳು: "ನಿಮ್ದೊಡ್ಡಪ್ಪಂಗ್ ಏಳ್ಬ್ಯಾಡ ಕಣ್ ಮಗ. ಆ ಕೂಗು ಅಂದ್ರೆ ಆವಯ್ಯಂಗ್ ಉಸ್ರು. ಅದ್ರಿಂದ್ಲೇ ನನ್ ಕಿವಿ ಓಯ್ತು ಅಂತ ಗೊತ್ತಾದ್ರೆ ನಾಳಿಂದ ಸ್ವಿಚ್ ಮುಟ್ಟಕಿಲ್ಲ. ಮುಟ್ದಿದ್ರೆ ಮನ್ಸ ಬದುಕಕಿಲ್ಲ." ಅವಳ ಓಲೆ ಮುಟ್ಟಿ ಆಣೆ ಇಟ್ಟೆ. ಎಂಟು ವರ್ಷದ ಹುಡುಗಿಗೆ ಇಡೀ ಮನೆಯನ್ನು ಹೊತ್ತು ನಿಂತ ಕಂಬ ನಾನೇ ಅನ್ನಿಸಿತು. ಎರಡು ವರ್ಷ ಆ ಗುಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೆ, ಒಬ್ಬರಿಗೂ ಬಾಯಿ ಬಿಡಲಿಲ್ಲ. ಅವಳ ಬೆನ್ನ ಹಿಂದೆ ದೊಡ್ಡಪ್ಪ ಏನಾದರೂ ಕೇಳಿದರೆ ನಾನೇ ಓಡಿಹೋಗಿ ಅವಳ ಮುಂದೆ ನಿಂತು ಅದನ್ನೇ ತಿರುಗಿ ಹೇಳುತ್ತಿದ್ದೆ. "ಇದ್ಯಾಕಮ್ಮಿ ಗಿಣಿ ತರ ಒಪ್ಪುಸ್ತೀಯ" ಎಂದು ದೊಡ್ಡಪ್ಪ ನಗುತ್ತಿದ್ದ.

ಆಷಾಢದ ಒಂದು ಭಾನುವಾರ. ಗಿರಣಿಗೆ ರಜೆ, ಶಾಲೆಗೆ ರಜೆ, ಕೂಗಿಗೆ ಮಾತ್ರ ರಜೆಯಿಲ್ಲ. ಮೇಲುಸೀಮೆಯಲ್ಲಿ ವಾರದಿಂದ ಮಳೆ ಸುರಿಯುತ್ತಿದೆ ಎಂದು ಸುದ್ದಿಯಿತ್ತು, ನಮ್ಮಲ್ಲಿ ಮಾತ್ರ ಹಪ್ಪಳ ಒಣಗುವಂಥ ಬಿಸಿಲು. ಹೊಳೆಯಲ್ಲಿ ಮೊಣಕಾಲು ನೀರು. ದೊಡ್ಡಮ್ಮ ಬಿಸಿಲು ಕಂಡದ್ದೇ ಕೌದಿಗಳನ್ನೆಲ್ಲ ಹೊತ್ತುಕೊಂಡು ಹೊಳೆಗೆ ಹೋಗಿದ್ದಳು. ನಾನು ಗಿರಣಿಯ ಆಫೀಸಿನಲ್ಲಿ ದೊಡ್ಡಪ್ಪನ ಎದುರು ಕೂತು ಮಗ್ಗಿ ಬರೆಯುತ್ತಿದ್ದೆ. ಹನ್ನೆರಡಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ಫೋನು ಬಡಿದುಕೊಂಡಿತು. ದೊಡ್ಡಪ್ಪ "ಊಂ, ಊಂ, ಯಾವಾಗ್ ಸಾ?" ಎಂದ. ಆಮೇಲೆ ಅವನ ಮುಖ ನಾನು ಹಿಂದೆಂದೂ ನೋಡದ ಮುಖವಾಯಿತು. ಬೆಳಿಗ್ಗೆಯೇ ನೀರು ಬಿಟ್ಟಿದ್ದರಂತೆ. ದಾರಿಯಲ್ಲಿ ಮರ ಬಿದ್ದು ಫೋನಿನ ತಂತಿ ಕಡಿದು ಸುದ್ದಿ ಈಗ ತಲುಪಿತ್ತು. ನೀರು ಹೊಳೆನರಸೀಪುರ ದಾಟಿಯಾಗಿತ್ತು.

ದೊಡ್ಡಪ್ಪ ಸ್ವಿಚ್ಚಿನ ಹತ್ತಿರ ಹೋದವನು ಕೈಯನ್ನು ಅರ್ಧಕ್ಕೇ ನಿಲ್ಲಿಸಿದ. ಗೋಡೆಯ ಗಡಿಯಾರ ನೋಡಿದ. ಆಗ ಅವನ ತಲೆಯಲ್ಲಿ ಏನು ಓಡಿತೆಂದು ಆಮೇಲೆ ಎಷ್ಟೋ ಸಲ ಹೇಳಿದ್ದಾನೆ. ಈಗ ಕೂಗಿಸಿದರೆ ಊರು ಅದನ್ನು ಹನ್ನೆರಡರ ಕೂಗು ಎಂದುಕೊಳ್ಳುತ್ತದೆ. ನಾಲ್ಕು ವರ್ಷದಿಂದ ಪರೀಕ್ಷೆಯಿಲ್ಲ, ಮಳೆ ಕಮ್ಮಿಯಾಗಿ ಹೊಳೆಗೆ ನೀರು ಬಿಟ್ಟದ್ದೂ ಇಲ್ಲ, ಏರಿಳಿತ ಕೇಳದ ಕಿವಿಗಳು. ದಡದ ಮೇಲಿದ್ದವರೂ ನೀರಿಗಿಳಿಯುತ್ತಾರೆ. ಕೂಗಿಸದಿದ್ದರೆ ನೀರೊಳಗೆ ಇರುವವರ ಗತಿಯೇನು? "ಅಯ್ಯೋ ಸಣ್ಣೇಗೌಡ, ಏನ್ ಮಾಡ್ಬುಟ್ಟೆ" ಎಂದು ತನ್ನ ಹಣೆಗೆ ತಾನೇ ಬಡಿದುಕೊಂಡ. ಆಮೇಲೆ ಸ್ವಿಚ್ಚು ಹಾಕಿದ. ಹತ್ತು ಎಣಿಸಿ ತೆಗೆದ, ಹತ್ತು ಎಣಿಸಿ ಹಾಕಿದ. ಬೆದರಿ ಬಾಗಿಲಲ್ಲಿ ನಿಂತಿದ್ದ ನನ್ನತ್ತ ತಿರುಗಿ, ಕೂಗು ಇಳಿದ ಸಂದಿನಲ್ಲಿ, "ನೀನ್ ವೊಳೆ ಕಡೀಕ್ ಓಗ್ಬ್ಯಾಡ. ನಿಮ್ದೊಡ್ಡಮ್ಮ ಅವ್ಳಲ್ಲ, ಅವ್ಳಿಗ್ ಗೊತ್ತಾಯ್ತದೆ. ಈ ಕೂಗ ಅವ್ಳಿಗಿಂತ ಚೆಂದಾಗ್ ಬಲ್ಲೋರು ಯಾರವ್ರೆ? ಅವ್ಳೇ ಎಲ್ರುನೂ ಮ್ಯಾಕ್ ಅತ್ತುಸ್ತಾಳೆ" ಎಂದ.

"ದೊಡ್ಡಪ್ಪಾ, ದೊಡ್ಡಮ್ಮಂಗ್ ಕೇಳ್ಸಲ್ಲ! ಅವಳಿಗ್ ಕಿವಿ ಕೇಳ್ಸಲ್ಲ!" ಎಂದು ಕಿರುಚಿದೆ. ಅಷ್ಟರಲ್ಲಿ ಕೂಗು ಮತ್ತೆ ಏರಿತ್ತು. ನನ್ನ ಬಾಯಿ ಆಡುವುದು ಅವನಿಗೆ ಕಾಣಿಸಿತು, ಮಾತು ಕೇಳಿಸಲಿಲ್ಲ. ಕೈಸನ್ನೆಯಲ್ಲೇ ಒಳಗೆ ಹೋಗು ಎಂದ. ಎರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಕೊನೆಗೂ ಹೇಳಿದರೆ ಕೇಳುವವರಿಲ್ಲ. ನಾನು ಒಳಗೆ ಹೋಗಲಿಲ್ಲ. ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಹೊಳೆಯ ದಾರಿ ಹಿಡಿದು ಓಡಿದೆ.

ದಾರಿಯುದ್ದಕ್ಕೂ ನನ್ನ ಕಣ್ಣ ಮುಂದೆಯೇ ದೊಡ್ಡಪ್ಪ ಹೆದರಿದ್ದು ನಡೆಯುತ್ತಿತ್ತು. ನೊಗ ಇಳಿಸಿದ ದನಗಳು ಗಂಟೆ ಆಡಿಸುತ್ತ ಹೊಳೆಯತ್ತ ಹೊರಟಿದ್ದವು. "ಇವತ್ತೇನ್ ಬಿರ್ನೆ ಹನ್ನೆರಡಾಯ್ತಲ್ಲಾ" ಎಂದು ಒಬ್ಬ ಬಿಸಿಲಿಗೆ ಕೈ ಅಡ್ಡ ಹಿಡಿದು ಸೂರ್ಯನನ್ನು ನೋಡುತ್ತಿದ್ದ. "ನೀರ್ ಬತ್ತೈತೆ, ನೀರು!" ಎಂದು ನಾನು ಕೂಗಿದೆ. "ಊಂ ಕಣವ್ವ, ನೀರಿಗೇ ಓಯ್ತಿರಾದು" ಎಂದು ನಕ್ಕ. ಆದರೆ ಕೂಗು ನಿಲ್ಲಲಿಲ್ಲ. ಒಂದು ನಿಮಿಷಕ್ಕೆ ನಿಲ್ಲಬೇಕಾದದ್ದು ಎರಡಾಯಿತು, ಐದಾಯಿತು. ಆ ಮೋಟಾರನ್ನು ಮೂರು ನಿಮಿಷಕ್ಕಿಂತ ಹೆಚ್ಚು ಓಡಿಸಿದರೆ ವಿಶ್ರಾಂತಿ ಕೊಡಬೇಕು ಎಂದು ನನಗೇ ಗೊತ್ತಿತ್ತು, ದೊಡ್ಡಪ್ಪನಿಗೆ ಗೊತ್ತಿಲ್ಲವೇ? ದನದ ಹಿಂದಿದ್ದ ಗಂಡಸರು ಒಬ್ಬೊಬ್ಬರೇ ನಿಂತು ಗಿರಣಿಯ ಕಡೆ ತಿರುಗತೊಡಗಿದರು. ಎತ್ತುಗಳು ಬೆದರಿ ಹಗ್ಗ ಜಗ್ಗುತ್ತಿದ್ದವು.

ನಾನು ಬಸವನಕಲ್ಲಿನ ತಿರುವು ದಾಟುವಷ್ಟರಲ್ಲಿ ಕೆಳಗಿನಿಂದ ದೊಡ್ಡ ಗಲಾಟೆಯೊಂದು ಮೇಲೇರಿ ಬರುತ್ತಿತ್ತು. ಮುಂದೆ ಪಾಪಮ್ಮ. ಹಿಂದಿನ ಬೀದಿಯವಳು, ಆಗ ನಲವತ್ತರ ಹತ್ತಿರದ ಗಟ್ಟಿಮುಟ್ಟು ಹೆಂಗಸು, ಊರಿನಲ್ಲಿ ಅವಳ ಬಾಯಿಗೆ ಹೆದರದವರಿಲ್ಲ. ಸೀರೆ ಮೊಣಕಾಲಿಗೆ ಕಟ್ಟಿ, ಮೈಯೆಲ್ಲ ನೀರು, "ಸಣ್ಣೇಗೌಡಂಗ್ ಬುದ್ಧಿ ಕೆಟ್ಟೈತೆ! ಅದ್ಯಾಕಂಗ್ ಬಡ್ಕತಾನೆ? ನಡೀರಿ, ಎಲ್ಲಾ ಓಗಿ ಉಗುದ್ ಬರಾನ! ಒಬ್ರುನೂ ನಿಲ್ಬ್ಯಾಡಿ, ಬನ್ರೀ!" ಎಂದು ಬೊಬ್ಬೆ ಹಾಕುತ್ತ ಬರುತ್ತಿದ್ದಳು. ಅವಳ ಹಿಂದೆ ಹೊಳೆಯಲ್ಲಿದ್ದವರೆಲ್ಲ, ಹೆಂಗಸರು, ಗಂಡಸರು, ಮೈ ತೊಳೆಯುತ್ತಿದ್ದ ದನಗಳ ಸಮೇತ. ಪಾಪಮ್ಮನ ಬಲಗೈಯಲ್ಲಿ ಸಿಕ್ಕಿಕೊಂಡು, ಕೌದಿಗಳನ್ನು ಬಂಡೆಯ ಮೇಲೇ ಬಿಟ್ಟು, ಏನಾಯಿತೆಂದು ತಿಳಿಯದೆ ಎಲ್ಲರ ತುಟಿಗಳನ್ನೂ ನೋಡುತ್ತ, ಎಡವುತ್ತ ಬರುತ್ತಿದ್ದವಳು ನನ್ನ ದೊಡ್ಡಮ್ಮ. "ಇವ್ಳ್ ಗಂಡನ್ ಕೂಗು, ಇವ್ಳೇ ಕೇಳ್ಲಿ ಅವನ್ನ!" ಎಂದು ಪಾಪಮ್ಮ ಅವಳನ್ನು ಎಳೆಯುತ್ತಿದ್ದಳು. ನಾನು ಹೋಗಿ ದೊಡ್ಡಮ್ಮನ ಸೊಂಟ ತಬ್ಬಿದೆ. ಹೊಳೆಯ ನೀರು ತೊಟ್ಟಿಕ್ಕುವ ಆ ಸೀರೆಯ ತಂಪು ಇನ್ನೂ ನನ್ನ ಕೆನ್ನೆಯಲ್ಲಿದೆ.

ಇಡೀ ಊರು ಗಿರಣಿಯ ಅಂಗಳದಲ್ಲಿ ಸೇರಿತು. ದೊಡ್ಡಪ್ಪ ಸ್ವಿಚ್ಚು ಬಿಟ್ಟಿರಲಿಲ್ಲ. ಬೆವರು ಇಳಿದು ಅಂಗಿ ಮೈಗಂಟಿತ್ತು. ಒಬ್ಬನು ಅವನ ಕೈ ಎಳೆಯಲು ಹೋದ, ದೊಡ್ಡಪ್ಪ ಅವನನ್ನು ತಳ್ಳಿದ. ಬೈಯಬೇಕೆಂದು ಬಂದವರು ಬೈಯಲಾರದೆ, ಆ ಕಿರುಚಾಟದ ಕೆಳಗೆ ಎರಡೂ ಕಿವಿಗೆ ಕೈ ಒತ್ತಿಕೊಂಡು ಕುಗ್ಗಿ ನಿಂತರು. ಗಂಡಸರು, ಹೆಂಗಸರು, ಮಕ್ಕಳು, ಪಾಪಮ್ಮ, ನಾನು. ಒಬ್ಬಳು ಮಾತ್ರ ಕೈ ಎತ್ತಿರಲಿಲ್ಲ. ದೊಡ್ಡಮ್ಮ ಸರಿಯಾಗಿ ಸೈರನ್ನಿನ ಕೆಳಗೆ, ನಮ್ಮ ಮನೆಯ ಕಲ್ಲಿನ ಮೆಟ್ಟಿಲ ಮೇಲೆ ನಿಂತು, ಸಾವಧಾನವಾಗಿ ಸೆರಗಿನ ನೀರು ಹಿಂಡುತ್ತಿದ್ದಳು. ದೊಡ್ಡಪ್ಪ ತಲೆ ಎತ್ತಿ ಜನರನ್ನು ನೋಡಿದ, ಅವಳನ್ನು ನೋಡಿದ. ನೋಡುತ್ತಲೇ ಇದ್ದ. ಹತ್ತು ಎಣಿಸುವುದು ಮರೆತುಹೋಯಿತು. ಕೂಗು ಏರಿ ಏರಿ, ಒಂದೇ ಸಮ ಕಿರುಚಿ, ನೆತ್ತಿಯಿಂದ ನೀಲಿ ಹೊಗೆ ಎದ್ದು, ಗುರ್ ಎಂದು ಇಳಿದು ಸತ್ತಿತು. ವಾರ್ನಿಶ್ ಸುಟ್ಟ ವಾಸನೆ ಅಂಗಳದ ತುಂಬ ಇಳಿಯಿತು. ಎಲ್ಲರೂ ಕಿವಿಯಿಂದ ಕೈ ತೆಗೆದರು. ಆ ನಿಶ್ಶಬ್ದದಲ್ಲಿ ಹೊಳೆಯ ಕಡೆಯಿಂದ, ಭತ್ತದ ರಾಶಿ ಜಾರಿದಂಥ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಬಂಡೆಗಳಿರಲಿಲ್ಲ. ನಮ್ಮ ಮನೆಯ ಕೌದಿಗಳೂ ಇರಲಿಲ್ಲ. ಕೆಂಪು ನೀರು ದಡದಿಂದ ದಡಕ್ಕೆ ತುಂಬಿ ಹೋಗುತ್ತಿತ್ತು. ಊರಿನ ಒಂದು ಕರು ಕೂಡ ಹೋಗಲಿಲ್ಲ.

ದೊಡ್ಡಪ್ಪನನ್ನು ಊರು ಹೊತ್ತು ಮೆರೆಸುವುದೊಂದು ಬಾಕಿ. ಅವನು ಮಾತ್ರ ಎರಡು ದಿನ ಅನ್ನ ಮುಟ್ಟಲಿಲ್ಲ. ಮೂರನೆಯ ದಿನ ನನ್ನನ್ನು ಕರೆದು "ನಿಂಗ್ ಯಾವತ್ತಿಂದ ಗೊತ್ತಿತ್ತು?" ಎಂದು ಕೇಳಿದ. ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. "ಮಿಸಿನ್ನ ಪರೀಕ್ಷೆ ಮಾಡ್ದೆ ಕಣ್ ಮಗ. ಕಿವಿಗಳ್ನ ಮಾಡ್ನಿಲ್ಲ. ಊರ್ದೂ ಮಾಡ್ನಿಲ್ಲ, ಮನೇದೂ ಮಾಡ್ನಿಲ್ಲ" ಎಂದು ಮಗುವಿನಂತೆ ಅತ್ತ. ಆರಡಿ ಗಂಡಸು ಅಳುವುದನ್ನು ನಾನು ಮೊದಲ ಸಲ ನೋಡಿದ್ದು ಅವತ್ತು. ಹೊಸ ಮೋಟಾರು ಬರುವುದರೊಳಗೆ ಅವನು ಗಿರಣಿಯ ಸಾಹುಕಾರರ ಕಾಲು ಹಿಡಿದು ಸೈರನ್ನನ್ನು ನಮ್ಮ ಮನೆಯ ನೆತ್ತಿಯಿಂದ ಇಳಿಸಿ, ಊರಾಚೆಯ ನೀರಿನ ಟ್ಯಾಂಕಿನ ಮೇಲೆ ಕೂರಿಸಿದ, ಸ್ವಿಚ್ಚೂ ಅದರ ಬುಡಕ್ಕೇ ಹೋಯಿತು. ಹೊತ್ತಿನ ಕೂಗನ್ನು ಅರ್ಧ ನಿಮಿಷಕ್ಕೆ ಇಳಿಸಿದ. ತಿಂಗಳ ಮೊದಲ ಸೋಮವಾರ ಏರಿಳಿತದ ಪರೀಕ್ಷೆ ಮತ್ತೆ ಶುರುವಾಯಿತು. ಹಿಂದಿನ ಸಂಜೆ ಬೀದಿ ಬೀದಿ ತಿರುಗಿ "ನಾಳೆ ವೊಳೆ ಕೂಗು ಕೂಗುಸ್ತೀನಿ, ಮಕ್ಳಿಗೆಲ್ಲಾ ಕೇಳ್ಸಿ ಏಳ್ಕೊಡಿ" ಎಂದು ಸಾರುತ್ತಿದ್ದ. ಗೊಣಗಲು ಯಾರಿಗೂ ಬಾಯಿರಲಿಲ್ಲ.

ಸೈರನ್ನು ದೂರ ಹೋದದ್ದರಿಂದ ದೊಡ್ಡಮ್ಮನಿಗೊಂದು ನಷ್ಟವಾಯಿತು. ಕೊಳಗ ಅದುರುವುದು ನಿಂತಿತು. ಮೊದಲ ದಿನ ಅವಳು ಬೆರಳಿಟ್ಟುಕೊಂಡು ನಿಂತೇ ಇದ್ದಳು. ಆಗ ಬಾಗಿಲಲ್ಲಿ ದೊಡ್ಡಪ್ಪ ಕಾಣಿಸಿದ. ಟ್ಯಾಂಕಿನಿಂದ ಏದುಸಿರು ಬಿಡುತ್ತ ಬಂದಿದ್ದ. ಅವಳೆದುರು ನಿಂತು, ತುಟಿ ಕಾಣುವಂತೆ ನಿಧಾನಕ್ಕೆ, "ಹನ್ನೆರಡಾಯ್ತು ಕಣೆ" ಎಂದ. "ಗೊತ್ತಾಯ್ತು, ಕೈ ತೊಳ್ಕಳಿ" ಎಂದು ದೊಡ್ಡಮ್ಮ ಮುಖ ತಿರುಗಿಸಿ ಮುದ್ದೆ ಕಟ್ಟಲು ಕೂತಳು. ಅವಳ ಕಣ್ಣು ಒದ್ದೆಯಾಗಿದ್ದದ್ದು ಹೊಗೆಗೆ ಎಂದು ನನಗೆ ಹೇಳಿದಳು. ಆಮೇಲೆ ಹದಿನಾರು ವರ್ಷ, ಮಳೆಯಿರಲಿ ಬಿಸಿಲಿರಲಿ, ದೊಡ್ಡಪ್ಪ ಹನ್ನೆರಡರ ಕೂಗು ಮುಗಿಸಿ ಅಷ್ಟು ದೂರ ನಡೆದು ಬಂದು ಅವಳೊಬ್ಬಳಿಗೆ ಹನ್ನೆರಡಾಯಿತು ಎಂದು ಹೇಳಿದ. ಅವನು ತೀರಿಕೊಂಡ ಮೇಲೆ ಕೂಗಿಸಲು ಬೇರೊಬ್ಬ ಬಂದ. ತಿಥಿಯ ಮರುದಿನ ಕೂಗು ಬಿದ್ದಾಗ ದೊಡ್ಡಮ್ಮ ಕೋಲು ಹಿಡಿದು ಬಾಗಿಲನ್ನೇ ನೋಡುತ್ತಿದ್ದಳು. ನಾನು ಹೋಗಿ ಎದುರಿಗೆ ನಿಂತು "ಹನ್ನೆರಡಾಯ್ತು ದೊಡ್ಡಮ್ಮ" ಎಂದೆ. ಅವಳು ನನ್ನ ತುಟಿಗಳನ್ನು ಬಹಳ ಹೊತ್ತು ನೋಡಿದಳು. ವರ್ಷ ತುಂಬುವುದರೊಳಗೆ ಅವಳೂ ಹೋದಳು. ಗಿರಣಿ ಮುಚ್ಚಿತು, ಮನೆ ಬಿತ್ತು. ಕೊಳಗವೊಂದನ್ನು ನಾನು ತಂದಿಟ್ಟುಕೊಂಡೆ.

ಮಿಕ್ಸಿ ಸುಟ್ಟ ವಾರದಲ್ಲೇ ಊರಿನಿಂದ ಸುದ್ದಿ ಬಂತು, ಹೊಳೆಯ ದಡದಲ್ಲಿ ಹೊಸ ಸೈರನ್ ನಿಲ್ಲಿಸಿದ್ದಾರೆ, ಬುಧವಾರ ಹನ್ನೊಂದೂವರೆಗೆ ಪರೀಕ್ಷೆ ಎಂದು. ಕೊಳಗವನ್ನು ಕೈಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಮಗಳು ಏನೂ ಕೇಳಲಿಲ್ಲ, ಮಿಕ್ಸಿಯ ದಿನದಿಂದ ಕೇಳುವುದನ್ನು ಬಿಟ್ಟಿದ್ದಾಳೆ. ಗಿರಣಿಯ ಜಾಗದಲ್ಲಿ ಈಗ ಜೋಳದ ಗೋದಾಮು. ನಮ್ಮ ಮನೆಯದೆಂದು ಉಳಿದಿರುವುದು ಆ ಎರಡು ಕಲ್ಲಿನ ಮೆಟ್ಟಿಲು. ಎದುರಿಗೆ ಎತ್ತರದ ಕಂಬ, ತುದಿಯಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಬಾಯಿ, ಬಿಸಿಲಿನಿಂದ ಕರೆಂಟು ಹೀರುವ ಫಲಕ. ತಿರುಗುವ ಡಬ್ಬವೂ ಇಲ್ಲ, ಕೊಚ್ಚುವ ಗಾಳಿಯೂ ಇಲ್ಲ, ಎಲ್ಲ ಲೌಡ್‌ಸ್ಪೀಕರಿನ ಮಾಯೆ. ಮೊದಲು "ಇದು ಪರೀಕ್ಷೆ ಮಾತ್ರ, 
ಯಾರೂ ಗಾಬರಿಯಾಗಬೇಡಿ" ಎಂದು ಒಂದು ಹೆಣ್ಣು ದನಿ ಹೇಳಿತು. ನಾನು ಮೆಟ್ಟಿಲ ಮೇಲೆ ಕೊಳಗ ಇಟ್ಟುಕೊಂಡು ಕೂತಿದ್ದೆ. ಅಷ್ಟರಲ್ಲಿ ಕೋಲೂರಿಕೊಂಡು, ಬೈಯುತ್ತಲೇ, ಒಂದು ಮುದುಕಿ ಬಂತು. "ಇವುಕ್ಕೇನ್ ಬಂದೈತೆ, ಕಂಬಕ್ಕೂ ಬಾಯ್ ಬಂತಾ!" ದನಿ ಕೇಳಿದ್ದೇ ಎದ್ದು ನಿಂತೆ. ಪಾಪಮ್ಮ!

ಪಕ್ಕದಲ್ಲಿ ಕೂರಿಸಿಕೊಂಡೆ. ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು, ಹಿಡಿದ ಮೇಲೆ ಕೈ ಬಿಡಲಿಲ್ಲ. "ಆವತ್ತು ನೀನು ದೊಡ್ಡಪ್ಪನಿಗೆ ಉಗಿಯೋದಕ್ಕೆ ಬರದೇ ಇದ್ದಿದ್ದರೆ ನಮ್ಮ ದೊಡ್ಡಮ್ಮ ಉಳೀತಿರಲಿಲ್ಲ ಪಾಪಮ್ಮ" ಎಂದೆ. ಪಾಪಮ್ಮ ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದಳು. "ಉಗಿಯಕ್ಕೆ ಯಾರ್ ಬಂದ್ರು? ಅವ್ಳಿಗ್ ಕಿವಿ ಕೇಳಕಿಲ್ಲ ಅಂತ ವೊಳೆಗ್ ಬರೋ ಎಂಗಸ್ರಿಗೆಲ್ಲಾ ಗೊತ್ತಿತ್ತು ಕಣಮ್ಮಿ. ಅವ್ಳೇ ಏಳ್ಕಂಡಿರ್ನಿಲ್ಲ, ನಾವೂ ಕೇಳಿರ್ನಿಲ್ಲ. ಹನ್ನೆರಡಾದಾಗ ಅವ್ಳ್ ಭುಜ ಮುಟ್ತಿದ್ದೋಳು ನಾನೇಯ. ಆವತ್ತು ಕೂಗು ನಿಲ್ನಿಲ್ಲ. ಏನೋ ಆಗೈತೆ ಅನ್ನುಸ್ತು. ನೀರ್ ಬತ್ತೈತೇನೋ ಅಂದಿದ್ರೆ ಆ ಗಂಡಸ್ರು ನಗೋರು. ಜಗಳಕ್ ಬನ್ರೋ ಅಂದೆ. ಎಲ್ಲಾ ಎದ್ದು ಬಂದ್ರು."

ನಲವತ್ತು ವರ್ಷ, ಆ ಗುಟ್ಟನ್ನು ಕಾಪಾಡಿದವಳು ನಾನೊಬ್ಬಳೇ ಎಂದು ತಿಳಿದಿದ್ದೆ. ಅಷ್ಟರಲ್ಲಿ ಕಂಬ ಕೂಗಿತು. ಏರಿತು, ಇಳಿಯಿತು, ಏರಿತು. ನನ್ನ ಬೆರಳು ತಾನಾಗಿ ಕೊಳಗದ ಕಂಠಕ್ಕೆ ಹೋಯಿತು. ಹಿತ್ತಾಳೆ ಸಣ್ಣಗೆ ಅದುರುತ್ತಿತ್ತು. ಪಾಪಮ್ಮನ ಕೈ ಹಿಡಿದು ಅವಳ ಎರಡು ಬೆರಳನ್ನೂ ಅಲ್ಲೇ ಇಡಿಸಿ, ದೊಡ್ಡಮ್ಮ ಮನೆಯಲ್ಲಿ ಹೊತ್ತು ತಿಳಿಯುತ್ತಿದ್ದದ್ದು ಹೀಗೆ ಎಂದು, ತುಟಿ ಕಾಣುವಂತೆ ನಿಧಾನಕ್ಕೆ ಹೇಳಿದೆ. ಪಾಪಮ್ಮ ಬೆರಳನ್ನೇ ನೋಡುತ್ತ ಕೂತಳು. ಕೂಗು ಇಳಿದು ನಿಂತಿತು. ಪರೀಕ್ಷೆ ಮುಗಿಯಿತು ಎಂದು ಆ ಹೆಣ್ಣು ದನಿ ಸಾರಿತು, ಜನ ಚದುರಿದರು. ಕೊಳಗ ಅದುರುವುದು ನಿಂತ ಮೇಲೂ ನಾವಿಬ್ಬರೂ ಬೆರಳು ತೆಗೆಯಲಿಲ್ಲ.